ಮಗು ಇದ್ದರೆ ನಗು ಬರಲ್ಲ

ತರಕಾರಿ ಅಂಗಡಿಯವನು ತೂಗುವುದನ್ನು ಅರ್ಧಕ್ಕೆ ಬಿಟ್ಟು ಅಕ್ಕನ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಒಳಗಿದ್ದ ತಮ್ಮನನ್ನು ಕೂಗಿ, "ಬಾರೋ ಬೇಗ, ಬ್ರೇಕಕ್ಕ ಬಂದಿದಾರೆ" ಎಂದ. ತಮ್ಮ ಬಂದು ನೋಡಿದ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಆದರೂ ನಗು ತಡೆಯಲಾರದೆ ಹಾಗೇ ಒಳಗೆ ಓಡಿದ.

"ಯಾರ್ರೀ ಬ್ರೇಕಕ್ಕ?" ಎಂದು ಅಕ್ಕ ಕೇಳಿದಳು.

"ನೀವೇ ಅಲ್ವಾ? ಎಲ್ರೂ ನೋಡಾಯ್ತು, ನೀವಿನ್ನೂ ನೋಡಿಲ್ವಾ?" ಎಂದು ಅವನು ಫೋನನ್ನು ಅವಳ ಮುಂದೆ ಹಿಡಿದ.

ಅಕ್ಕ ಎಂದರೆ ಮಕ್ಕಳ ಶಾಲೆಯ ಅಡುಗೆಯಕ್ಕ. ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಂದ ಹಿಡಿದು ಹೆಡ್ ಮೇಡಂವರೆಗೆ ಎಲ್ಲರೂ ಅವಳನ್ನು ಕರೆಯುವುದು ಅಕ್ಕ ಎಂದೇ. ಗಂಡ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆ ಕರೆದು ಬೈಸಿಕೊಂಡದ್ದುಂಟು. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ನೋಡಿ ಓಡಿಹೋಗಿ ನಕ್ಕಿರಲಿಲ್ಲ.

ಫೋನಿನಲ್ಲಿ ಕಾಣಿಸಿದ್ದು ಡ್ರೈವಿಂಗ್ ಸ್ಕೂಲಿನ ಕಾರಿನ ಒಳಗು. ಸ್ಟೇರಿಂಗ್ ಹಿಡಿದು ಕೂತಿರುವವಳು ಅಕ್ಕ, ಪಕ್ಕದಲ್ಲಿ ಕಲಿಸುವ ಮೇಷ್ಟ್ರು. ಕಾರು ಸುಮ್ಮನೆ ಹೋಗುತ್ತಿದೆ. ಇದ್ದಕ್ಕಿದ್ದಂತೆ ಅಕ್ಕ ಕಣ್ಣು ಅಗಲಿಸಿ ಬ್ರೇಕ್ ಒತ್ತಿ "ಅಯ್ಯೋ ನನ್ನಪ್ಪಾ" ಎಂದು ಕಿರುಚುತ್ತಾಳೆ. ಮೇಷ್ಟ್ರ ಕನ್ನಡಕ ಮೂಗಿನಿಂದ ಹಾರಿ ಮುಂದಿನ ಗಾಜಿಗೆ ಬಡಿಯುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಅದನ್ನೇ ಮತ್ತೆ ನಿಧಾನವಾಗಿ ತೋರಿಸಿದ್ದರು. ಅದಾದ ಮೇಲೆ ಅವಳ ಕಿರುಚಾಟದ ಜಾಗದಲ್ಲಿ ಮೇಕೆಯ ದನಿ ಹಾಕಿ ಇನ್ನೊಂದು ಸಲ ತೋರಿಸಿದ್ದರು. ಕೊನೆಯಲ್ಲಿ ಡ್ರೈವಿಂಗ್ ಸ್ಕೂಲಿನ ಯಜಮಾನ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದು, "ಇವರಿಗೇ ಕಲಿಸಿ ಲೈಸೆನ್ಸ್ ಕೊಡಿಸಿದೀವಿ. ನಿಮಗೆ ಕಲಿಸೋದು ಯಾವ ಮಹಾ? ಇವತ್ತೇ ಸೇರಿ" ಎಂದು ಹೆಬ್ಬೆರಳು ಎತ್ತುತ್ತಿದ್ದ. ಕೆಳಗೆ ಫೋನ್ ನಂಬರು.

ಅಕ್ಕನಿಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು. ತರಕಾರಿಯನ್ನು ಅಲ್ಲೇ ಬಿಟ್ಟು ಹೊರಟಳು.

ಉರಿಯದೆ ಏನಾಗುತ್ತದೆ ಹೇಳಿ. ಆವತ್ತು ನಡೆದದ್ದೇ ಬೇರೆ. ಎರಡೂ ಬದಿ ಗೇಟುಗಳಿರುವ ಕಿರಿದಾದ ಬೀದಿಯಲ್ಲಿ ಅವಳು ಕಾರು ನಡೆಸುತ್ತಿದ್ದಳು. ಒಂದು ಗೇಟಿನಿಂದ ಮೂರು ಚಕ್ರದ ಸೈಕಲ್ಲಿನ ಮೇಲೆ ಕೂತ ಪುಟ್ಟ ಮಗುವೊಂದು ಸೊಯ್ಯೆಂದು ರಸ್ತೆಗೆ ಬಂತು. ಬಾನೆಟ್ಟಿನ ಎತ್ತರಕ್ಕೂ ಸಿಗದ ಮಗು. ಅಕ್ಕ ಬ್ರೇಕ್ ಒತ್ತಿದಳು, ಕಾರು ನಿಂತಿತು. ಮಗು ಕಾರಿನ ಮೂತಿಯನ್ನು ಒಮ್ಮೆ ನೋಡಿ, ಏನೂ ಆಗಿಲ್ಲವೆಂಬಂತೆ ಸೈಕಲ್ಲು ತಿರುಗಿಸಿಕೊಂಡು ಒಳಗೆ ಹೋಯಿತು. ಮೇಷ್ಟ್ರ ಬಳಿಯೂ ಬ್ರೇಕ್ ಇರುತ್ತದೆ, ಅವರಿಗಿಂತ ಮೊದಲು ಇವಳ ಕಾಲು ಹೋಗಿತ್ತು. ಮೇಷ್ಟ್ರು ಕನ್ನಡಕ ಹುಡುಕಿ ಹಾಕಿಕೊಂಡು, "ಇನ್ನು ನಿಮಗೆ ನಾನು ಕಲಿಸೋದು ಏನೂ ಉಳಿದಿಲ್ಲ ಅಕ್ಕ" ಎಂದಿದ್ದರು. ಆ ಮಾತನ್ನು ಅವಳು ಮನೆಗೆ ಬಂದು ಗಂಡನಿಗೆ ಹೇಳಿ ಹಿಗ್ಗಿದ್ದಳು.

ವಿಡಿಯೋದಲ್ಲಿ ರಸ್ತೆಯೇ ಇರಲಿಲ್ಲ. ಮಗುವೂ ಇರಲಿಲ್ಲ, ಮೇಷ್ಟ್ರ ಮಾತೂ ಇರಲಿಲ್ಲ.

ಮನೆಗೆ ಹೋದರೆ ಗಂಡ ಅಂಗಳದಲ್ಲಿ ಯಾರದೋ ಫ್ಯಾನ್ ಬಿಚ್ಚಿ ಹರಡಿಕೊಂಡು ಕೂತಿದ್ದ. ಫ್ಯಾನ್ ರಿಪೇರಿಯೇ ಅವನ ಕಸುಬು.

"ನೋಡಿದ್ರಾ ನನ್ನ ವಿಡಿಯೋ?" ಎಂದಳು.

ಅವನು ಸ್ಕ್ರೂ ಹುಡುಕುವವನಂತೆ ತಲೆ ಬಗ್ಗಿಸಿದ. "ಮೊನ್ನೆನೇ ಯಾರೋ ಕಳಿಸಿದ್ರು."

"ಮೊನ್ನೆಯಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೇಳಿದ್ರೆ ನೀನು ಕೂಗಾಡ್ತೀಯ ಅಂತ."

"ನಕ್ಕಿದ್ರಾ?"

ಗಂಡ ಸುಳ್ಳು ಹೇಳಲು ಬಾರದ ಮನುಷ್ಯ. "ಮೇಕೆ ಕೂಗಿದಾಗ ಸ್ವಲ್ಪ" ಎಂದ. ಅಕ್ಕ ಅವನ ಜೊತೆ ಮಾತು ಬಿಟ್ಟಳು.

ನಗುವಿನ ಸಂಗತಿಯಷ್ಟೇ ಆಗಿದ್ದರೆ ಎರಡು ದಿನ ಉರಿದುಕೊಂಡು ಸುಮ್ಮನಾಗುತ್ತಿದ್ದಳೇನೋ. ಆದರೆ ಆ ಲೈಸೆನ್ಸಿನ ಹಿಂದೆ ಅವಳು ಬಿದ್ದದ್ದು ಶೋಕಿಗಲ್ಲ. ಶಾಲೆಯ ಅಡುಗೆಮನೆಗೆ ಬಾಗಿಲು ಹಾಕಿದ್ದರು. ಹೊಸ ಶಾಲಾ ವರ್ಷದಿಂದ ಊಟ ಹೊರಗಡೆಯಿಂದ ಡಬ್ಬಿಯಲ್ಲಿ ಬರುವುದೆಂದು ತೀರ್ಮಾನವಾಗಿತ್ತು. ಒಲೆ ಮುಂದೆ ಬಗ್ಗಿ ಬಗ್ಗಿ ಸೊಂಟ ಹೋದವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಹೆಡ್ ಮೇಡಂ ಒಳ್ಳೆಯವರು. "ಶಾಲೆಗೆ ವ್ಯಾನ್ ತಗೋತಾ ಇದೀವಿ ಅಕ್ಕ. ಲೈಸೆನ್ಸ್ ಮಾಡಿಸ್ಕೊಳ್ಳಿ, ಆ ಸೀಟು ನಿಮಗೇ" ಎಂದಿದ್ದರು. ಅಕ್ಕ ಕಲಿತಳು, ಪಾಸಾದಳು. ವ್ಯಾನು ಬಂದು ಶಾಲೆಯ ಅಂಗಳದಲ್ಲಿ ನಿಂತಿತ್ತು. ಸೋಮವಾರ ಶಾಲೆ ಶುರುವಾಗುವುದಿತ್ತು, ಅವಳ ಕೆಲಸವೂ ಅವತ್ತೇ.

ಆ ಸಂಜೆಯೇ ಹೆಡ್ ಮೇಡಂ ಕರೆಸಿದರು. ಕುರ್ಚಿ ತೋರಿಸಿದವರು, ಅವಳ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡಿದರು.

"ಪೋಷಕರು ಫೋನ್ ಮೇಲೆ ಫೋನ್ ಮಾಡ್ತಿದಾರೆ ಅಕ್ಕ. ಬ್ರೇಕಕ್ಕನ ಕೈಗೆ ನಮ್ಮ ಮಕ್ಕಳನ್ನ ಕೊಡಲ್ಲ ಅಂತಿದಾರೆ."

"ಮೇಡಂ, ಆವತ್ತು ಮಗು ಅಡ್ಡ ಬಂದಿತ್ತು."

"ನೀವು ಹೇಳಿದ್ರೆ ನಾನು ನಂಬ್ತೀನಿ. ಅವರು ನಂಬಬೇಕಲ್ಲ? ಅವರು ಕಣ್ಣಾರೆ ನೋಡಿದೀವಿ ಅಂತಾರೆ. ಶನಿವಾರ ಮೀಟಿಂಗ್ ಕರೆದಿದೀನಿ. ಅಷ್ಟರಲ್ಲಿ ಏನಾದ್ರೂ ತೋರಿಸೋಕೆ ಇದ್ರೆ ತಗೊಂಡು ಬನ್ನಿ. ಇಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ಮರುದಿನ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಬಾಗಿಲು ತೆಗೆಯುವ ಮೊದಲೇ ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಯಜಮಾನ ಅವಳನ್ನು ಕಂಡು ಹಲ್ಲು ಕಿರಿದ. "ಬನ್ನಿ ಬನ್ನಿ, ನಮ್ಮ ಸ್ಟಾರ್ ಬಂದ್ರು" ಎಂದ. ಒಳಗೆ ಗೋಡೆ ತುಂಬ ರಸ್ತೆ ಗುರುತಿನ ಚಿತ್ರಗಳು. ಮೂಲೆಯಲ್ಲಿ ಮೇಷ್ಟ್ರು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅಕ್ಕನನ್ನು ನೋಡಿದವರೇ ಲೋಟದೊಳಗೆ ಕಣ್ಣು ನೆಟ್ಟರು.

"ಯಾರನ್ನ ಕೇಳಿ ಹಾಕಿದ್ರಿ ಅದನ್ನ?" ಎಂದಳು ಅಕ್ಕ.

"ಕಾರಲ್ಲಿ ಕ್ಯಾಮೆರಾ ಇದೆ ಅಂತ ಮೊದಲ ದಿನವೇ ಹೇಳಿದ್ನಲ್ಲ ಅಕ್ಕ."

"ಪಾಠಕ್ಕೆ ಅಂತ ಹೇಳಿದ್ರಿ. ತಪ್ಪು ಮಾಡಿದ್ರೆ ತೋರಿಸಿ ತಿದ್ದೋಕೆ ಅಂದ್ರಿ. ನನ್ನ ಬಾಯಲ್ಲಿ ಮೇಕೆ ಕೂಗ್ಸೋಕೆ ಅಂತ ಹೇಳಿದ್ರಾ?"

ಯಜಮಾನನಿಗೆ ಬೇಸರವೇನೂ ಆಗಲಿಲ್ಲ. "ಅಯ್ಯೋ, ಅದು ಬಿಸಿನೆಸ್ ಅಕ್ಕ. ಮುಂಚೆ ಬೋರ್ಡ್ ಹಾಕಿದ್ವಿ, ಪಾಂಪ್ಲೆಟ್ ಹಂಚಿದ್ವಿ, ಒಂದು ನರಪಿಳ್ಳೆ ಬರ್ಲಿಲ್ಲ. ರಸ್ತೆ ನಿಯಮದ ಬಗ್ಗೆ ಚೆನ್ನಾಗಿ ಮಾತಾಡಿ ವಿಡಿಯೋ ಹಾಕಿದೆ, ನನ್ನ ಹೆಂಡ್ತಿ ಬಿಟ್ರೆ ಯಾರೂ ನೋಡ್ಲಿಲ್ಲ. ನಿಮ್ಮದು ಹಾಕಿದ್ದೇ ತಡ, ಬ್ಯಾಚ್ ಫುಲ್. ಬ್ರೇಕಕ್ಕ ಕಲಿತ ಜಾಗ ಇದೇನಾ ಅಂತ ಕೇಳ್ಕೊಂಡು ಬರ್ತಿದಾರೆ. ನೀವು ಖುಷಿಪಡಬೇಕು."

"ನನ್ನ ಕೆಲಸ ಹೋಗ್ತಿದೆ. ಖುಷಿಪಡ್ಲಾ?"

ಅವಳು ಎಲ್ಲವನ್ನೂ ಹೇಳಿದಳು. ಕ್ಯಾಮೆರಾಕ್ಕೆ ಎರಡು ಕಣ್ಣು, ಒಂದು ಒಳಗೆ ನೋಡುತ್ತದೆ, ಇನ್ನೊಂದು ರಸ್ತೆಯನ್ನು ನೋಡುತ್ತದೆ. ಆ ರಸ್ತೆಯ ಕಡೆಯ ವಿಡಿಯೋ ಕೊಟ್ಟರೆ ಸಾಕು, ತಾನು ಶನಿವಾರ ತೋರಿಸುತ್ತೇನೆ ಎಂದಳು. ಯಜಮಾನ ಕಿವಿ ತುರಿಸಿಕೊಂಡ.

"ಅದು ಇಲ್ಲ ಅಕ್ಕ. ಜಾಗ ಸಾಲಲ್ಲ ಅಂತ ವಾರವಾರ ಅಳಿಸಿಬಿಡ್ತೀವಿ. ಬೇಕಾದ್ದಷ್ಟೇ ಇಟ್ಕೊಳೋದು."

"ಮಗು ಬಂದಿದ್ದು ಬೇಡವಾಗಿತ್ತಾ?"

"ಮಗು ಇದ್ರೆ ನಗು ಬರಲ್ಲ ಅಕ್ಕ. ಮಗು ಕಂಡ್ರೆ ಜನ ಹೆದರ್ಕೋತಾರೆ, ಫೋನ್ ಕೆಳಗಿಡ್ತಾರೆ."

ಏನೋ ಉಪ್ಪು ಜಾಸ್ತಿಯಾಯಿತು ಎನ್ನುವಷ್ಟು ಸಲೀಸಾಗಿ ಅವನು ಅದನ್ನು ಹೇಳಿದ. ಅಕ್ಕ ಮೇಷ್ಟ್ರ ಕಡೆ ತಿರುಗಿದಳು. "ನೀವು ಇದ್ರಲ್ಲ ಮೇಷ್ಟ್ರೇ. ಬಂದು ಒಂದು ಮಾತು ಹೇಳಿ." ಮೇಷ್ಟ್ರು ಯಜಮಾನನ ಮುಖ ನೋಡಿದರು. ಯಜಮಾನ, "ಮೇಷ್ಟ್ರು ಎಲ್ಲಿಗೂ ಬರಲ್ಲ, ನಾನು ಹಾಕಿದ್ದು ಸುಳ್ಳು ಅಂದಂಗಾಗುತ್ತೆ" ಎಂದ. ಅನ್ನ ಹಾಕುವ ಕೈಯನ್ನು ಎದುರುಹಾಕಿಕೊಳ್ಳುವ ಧೈರ್ಯ ಮೇಷ್ಟ್ರಿಗಿರಲಿಲ್ಲ. ಚಹಾ ಮುಗಿದ ಲೋಟವನ್ನೇ ಇನ್ನೊಮ್ಮೆ ತುಟಿಗಿಟ್ಟುಕೊಂಡರು.

ಅವಳ ಮುಖ ನೋಡಿ ಯಜಮಾನನಿಗೆ ಏನನ್ನಿಸಿತೋ, ಕುರ್ಚಿಯಿಂದ ಎದ್ದು ನಿಂತ. "ಒಂದು ಐಡಿಯಾ. ನಿಜವಾಗಿ ಏನು ನಡೀತು ಅಂತ ಇನ್ನೊಂದು ವಿಡಿಯೋ ಮಾಡೋಣ. ಅದೇ ಬೀದಿ, ಅದೇ ಕಾರು. ಬ್ರೇಕಕ್ಕನ ಅಸಲಿ ಕತೆ. ನಿಮ್ಮ ಕೆಲಸವೂ ಉಳಿಯುತ್ತೆ, ನಮಗೂ ಒಂದು ಪಾರ್ಟ್ ಟೂ ಆಗುತ್ತೆ. ಮಗುವಿನ ವ್ಯವಸ್ಥೆ ನಂದು."

ಇವನ ಪಾರ್ಟ್ ಟೂಗೆ ಬೆಂಕಿ ಹಾಕಬೇಕು ಎನ್ನಿಸಿತು ಅಕ್ಕನಿಗೆ. ಆದರೆ ಮೀಟಿಂಗಿಗೆ ಮಧ್ಯೆ ಇದ್ದದ್ದು ಒಂದೇ ದಿನ. ಸಿನಿಮಾದಲ್ಲಿ ಮಾಡುವಂತೆ ಮಗುವನ್ನು ಬೇರೆ, ಕಾರನ್ನು ಬೇರೆ ತೆಗೆದು ಅಂಟಿಸುತ್ತಾರೆಂದು ಅವಳು ತಿಳಿದುಕೊಂಡಳು. ನಡೆದ ನಿಜವನ್ನೇ ನಾಟಕ ಮಾಡಿ ತೋರಿಸಬೇಕಾಗಿ ಬಂತಲ್ಲ ಎಂದು ಹಲ್ಲು ಕಚ್ಚಿಕೊಂಡು ಹೂಂ ಅಂದಳು.

ಶುಕ್ರವಾರ ಬೆಳಿಗ್ಗೆ ಆ ಬೀದಿಗೆ ಹೋದಾಗ ಯಜಮಾನ ಆಗಲೇ ಬಂದಿದ್ದ. ಒಂದು ಗೇಟಿನ ಪಕ್ಕದಲ್ಲಿ ಮೂರು ಚಕ್ರದ ಸೈಕಲ್ಲು. ಅದರ ಮೇಲೆ ಎರಡು ಜುಟ್ಟಿನ ಒಂದು ಹೆಣ್ಣುಮಗು. ಯಾರ ಮಗು ಎಂದು ಕೇಳಿದರೆ, "ನಮ್ಮ ಪುಟ್ಟೀನೇ. ಹೊರಗಿನ ಮಕ್ಕಳನ್ನ ಕರ್ಕೊಂಡು ಬಂದ್ರೆ ತಂದೆತಾಯಿ ನೂರೆಂಟು ಕೇಳ್ತಾರೆ" ಎಂದ.

ಆಮೇಲೆ ವಿವರಿಸಿದ. ಅಕ್ಕ ಬೀದಿಯ ಆ ತುದಿಯಿಂದ ಬರಬೇಕು. ಇವನು ಕರ್ಚೀಫ್ ಕೆಳಗೆ ಬಿಡುತ್ತಾನೆ, ಪುಟ್ಟಿ ಸೈಕಲ್ ತುಳಿದುಕೊಂಡು ರಸ್ತೆಗೆ ಬರುತ್ತಾಳೆ. ಅಕ್ಕ ಬ್ರೇಕ್ ಹಾಕಬೇಕು, ಕಿರುಚಬೇಕು. ಕಿರುಚುವುದು ಹಿಂದಿನ ಸಲದಷ್ಟೇ ಚೆನ್ನಾಗಿರಬೇಕು.

"ಕಾರು ಓಡ್ತಿರುವಾಗ ಮಗುನ ಅಡ್ಡ ಬಿಡ್ತೀರಾ?" ಎಂದಳು ಅಕ್ಕ. "ಬೇರೆ ಬೇರೆ ತೆಗೆದು ಸೇರಿಸಲ್ವಾ?"

"ಇಲ್ಲ ಅಕ್ಕ, ಒಂದೇ ಶಾಟ್. ಕಟ್ ಮಾಡಿ ಸೇರಿಸಿದ್ರೆ ಜನ ನಂಬಲ್ಲ."

"ನಂಬಲ್ವಾ? ಹೋದ ಸಲ ಕಟ್ ಮಾಡಿದ್ದನ್ನ ಚೆನ್ನಾಗೇ ನಂಬಿದ್ರಲ್ಲ."

"ಮೇಷ್ಟ್ರ ಹತ್ರನೂ ಬ್ರೇಕ್ ಇದೆ, ಏನೂ ಆಗಲ್ಲ. ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಅಕ್ಕ."

ನೋಡಿ, ಈ ಮಾತು ಕೇಳಿದ ಮೇಲೆ ಅಕ್ಕನ ತಲೆ ಕೆಟ್ಟಿತು. ಇವಳು ಕಾರು ನಡೆಸಲು ಬಾರದವಳೆಂದು ಲೋಕಕ್ಕೆಲ್ಲ ಸಾರಿದವನು, ಅದೇ ಕಾರಿನ ಮುಂದೆ ಹೆತ್ತ ಮಗುವನ್ನು ತಂದು ಬಿಡುತ್ತಿದ್ದಾನೆ. ಇವಳಿಗೆ ಬ್ರೇಕ್ ಹಾಕಲು ಬರುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಇವನೇ. ಬಲ್ಲವನೇ ಮೇಕೆ ಕೂಗಿಸಿದ್ದಾನೆ.

"ನಾಚಿಕೆ ಆಗಲ್ವಾ ನಿಮಗೆ?" ಎಂದಳು. "ನನ್ನ ಮಾನ ಮಾರ್ಕೊಂಡ್ರಿ, ಹಾಳಾಗಿ ಹೋಗ್ಲಿ. ಈ ಕೂಸನ್ನೂ ಮಾರ್ತೀರಾ? ನನ್ನ ಕಾಲು ಜಾರಿದ್ರೆ? ಮಗು ಒಂದು ಗಳಿಗೆ ಮೊದಲೇ ಹೊರಟ್ರೆ? ಆಗ ಯಾವ ಪ್ರಾಣಿ ಕೂಗ್ಸ್ತೀರಿ?"

ಯಜಮಾನ ಫೋನನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದಿದ್ದ. "ಹೀಗೇ ಇರಿ ಅಕ್ಕ" ಎಂದ. "ಆ ಸಿಟ್ಟು ಬಿಡಬೇಡಿ, ಸೂಪರಾಗಿ ಬರ್ತಿದೆ."

ಅಕ್ಕ ನೇರ ಹೋಗಿ ಮಗುವನ್ನು ಸೈಕಲ್ಲಿನಿಂದ ಎತ್ತಿಕೊಂಡಳು. "ಬಾ ಪುಟ್ಟಿ, ಅಮ್ಮನ ಹತ್ರ ಹೋಗೋಣ" ಎಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದಳು. ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದರು. "ಬರೋದಿದ್ರೆ ಬನ್ನಿ, ದಾರಿ ತೋರಿಸಿ" ಎಂದಳು. ಮೇಷ್ಟ್ರು ಬೆಪ್ಪಾಗಿ ಹತ್ತಿ ಕೂತರು. ಯಜಮಾನ ಫೋನ್ ಹಿಡಿದುಕೊಂಡೇ ಕಾರಿನ ಎದುರು ಬಂದು ನಿಂತ. ಅವಳು ಹಾರ್ನಿನ ಮೇಲಿಟ್ಟ ಕೈ ಎತ್ತಲೇ ಇಲ್ಲ. ಗೇಟುಗಳಿಂದ ಜನ ಇಣುಕತೊಡಗಿದ ಮೇಲೆ ಅವನು ಪಕ್ಕಕ್ಕೆ ಸರಿದ.

ಅಷ್ಟು ಸಿಟ್ಟಿನಲ್ಲೂ ಅವಳು ಕಾರನ್ನು ನೀರು ತುಂಬಿದ ಕೊಡದಂತೆ ನಡೆಸಿದಳು. ತಿರುವಿನಲ್ಲಿ ಸಿಗ್ನಲ್ ಹಾಕಿದಳು, ಉಬ್ಬಿನಲ್ಲಿ ನಿಧಾನ ಮಾಡಿದಳು. ಮೇಷ್ಟ್ರು ಎರಡೂ ಕಾಲನ್ನು ಹಿಂದಕ್ಕೆಳೆದು ಸೀಟಿನ ಅಡಿಗೆ ಸೇರಿಸಿಕೊಂಡಿದ್ದರು. ಸ್ವಲ್ಪ ದೂರ ಹೋದ ಮೇಲೆ, "ನಾನು ಅವತ್ತೇ ಹೇಳಬೇಕಿತ್ತು ಅಕ್ಕ" ಎಂದರು.

"ಹೇಳಬೇಕಿತ್ತು. ಈಗ ಸುಮ್ನೆ ಕೂತ್ಕೊಳ್ಳಿ."

ಯಜಮಾನನ ಹೆಂಡತಿ ಬಾಗಿಲು ತೆಗೆದಾಗ ಕೊರಳಲ್ಲಿ ಹೆಡ್‌ಫೋನ್ ಇತ್ತು. ಮುಂದಿನ ಕೋಣೆಯ ಮೇಜಿನ ಮೇಲೆ ಕಂಪ್ಯೂಟರ್. ಅದರಲ್ಲಿ ಯಾರೋ ಮುದುಕರೊಬ್ಬರು ಸ್ಟೇರಿಂಗ್ ಹಿಡಿದು ಬಾಯಿ ತೆರೆದಲ್ಲಿಗೇ ನಿಂತುಬಿಟ್ಟಿದ್ದರು. ಕಟ್ ಮಾಡುವವಳು, ಮೇಕೆ ಸೇರಿಸುವವಳು ಇವಳೇ ಎಂದು ಅಕ್ಕನಿಗೆ ಆಗ ತಿಳಿಯಿತು.

"ಪುಟ್ಟಿ? ಅಪ್ಪನ ಜೊತೆ ಐಸ್‌ಕ್ರೀಮ್‌ಗೆ ಹೋಗಿದ್ಯಲ್ಲ?" ಎಂದಳು ಆಕೆ.

"ನಿಮ್ಮ ಮಗಳನ್ನೇ ಕೇಳಿ ಎಲ್ಲಿಗೆ ಹೋಗಿದ್ದು ಅಂತ" ಎಂದಳು ಅಕ್ಕ.

ಮಗು ತಾನೇ ಹೇಳಿತು. "ಅಪ್ಪ ಕರ್ಚೀಫ್ ಬಿಟ್ಟಾಗ ನಾನು ಜೋರಾಗಿ ಸೈಕಲ್ ತುಳೀಬೇಕಂತೆ. ಕಾರ್ ಬರುತ್ತಂತೆ, ಆಮೇಲೆ ನಿಂತ್ಕೊಳ್ಳುತ್ತಂತೆ. ನಾನು ಅಳಬಾರದಂತೆ."

ತಾಯಿ ಮಗುವನ್ನು ಸೆಳೆದು ಸೊಂಟಕ್ಕೆ ಅವಚಿಕೊಂಡಳು, ಬಾಗಿಲ ಚೌಕಟ್ಟಿಗೆ ಒರಗಿದಳು. ಆಮೇಲೆ ಆಕೆಯೇ ಬಾಯಿಬಿಟ್ಟಳು.

"ಅವತ್ತು ಅಡ್ಡ ಬಂದ ಮಗುನ ನಾನು ವಿಡಿಯೋದಲ್ಲಿ ನೋಡಿದ್ದೆ. ಕಟ್ ಮಾಡಿದ್ದು ನಾನೇ. ಮಗು ಇದ್ರೆ ನಗು ಬರಲ್ಲ ಅಂದ್ರು. ನನಗೂ ಸರಿ ಅನ್ನಿಸ್ತು. ತಪ್ಪಾಯ್ತು ಅಕ್ಕ."

"ಅದು ನಿಮ್ಮ ಮಗು ಆಗಿರ್ಲಿಲ್ಲ, ಸಲೀಸಾಗಿ ಕಟ್ ಮಾಡಿದ್ರಿ" ಎಂದಳು ಅಕ್ಕ. "ತಪ್ಪಾಯ್ತು ಅಂತ ನನ್ನ ಹತ್ರ ಹೇಳಿದ್ರೆ ಏನು ಬಂತು? ನಾಳೆ ಶಾಲೇಲಿ ಅಷ್ಟು ಜನ ಕೂತಿರ್ತಾರೆ, ಅಲ್ಲಿ ಹೇಳಿ." ಕಾರಿನ ಕೀಲಿಯನ್ನು ಮೇಷ್ಟ್ರ ಕೈಗೆ ಹಾಕಿ ನಡೆದುಕೊಂಡೇ ಮನೆಗೆ ಹೋದಳು. ಆಕೆ ಬರುತ್ತಾಳೆಂಬ ನಂಬಿಕೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಶನಿವಾರ ಪೋಷಕರೆಲ್ಲ ಮಕ್ಕಳ ಕುಳ್ಳ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಅಕ್ಕ ಒಳಗೆ ಬರುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಯಾರದೋ ಫೋನಿನಿಂದ ಮೇಕೆ ಕೂಗಿತು. ನಗು ಎದ್ದಿತು. ಹೆಡ್ ಮೇಡಂ ಮೇಜು ತಟ್ಟಿದರು. ಅಕ್ಕ ತೋರಿಸಲು ಏನೂ ತಂದಿರಲಿಲ್ಲ, ನಡೆದದ್ದನ್ನು ಹೇಳಿದಳು ಅಷ್ಟೇ. ಅರ್ಧ ಜನ ಕೇಳಿದರು, ಅರ್ಧ ಜನ ಕೈಕಟ್ಟಿಕೊಂಡು ಕಿಟಕಿಯ ಆಚೆ ನೋಡಿದರು.

ಟೈ ಕಟ್ಟಿದ ತಂದೆಯೊಬ್ಬ ಎದ್ದುನಿಂತು, "ಮಗು ಬಂದಿತ್ತೋ ಇಲ್ವೋ, ಆ ರೀತಿ ಕಿರುಚೋ ಡ್ರೈವರ್ ನಮಗೆ ಬೇಡ" ಎಂದ.

ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. "ಯಾಕೆ ಸ್ವಾಮಿ? ಚಕ್ರದ ಮುಂದೆ ಮಗು ಬಂದ್ರೂ ಕಿರುಚದೆ ಇರೋ ಅಂಥವರು ಬೇಕಾ ನಿಮಗೆ? ಹುಡುಕ್ಕೊಳ್ಳಿ. ಸಿಕ್ಕಿದ್ರೆ ಅವರ ಕೈಗೇ ಕೊಡಿ ನಿಮ್ಮ ಮಕ್ಕಳನ್ನ. ನನಗೆ ಎದೆ ಇದೆ, ಒಡೆದುಹೋಯ್ತು, ಕಿರುಚ್ದೆ. ಕಿರುಚೋಕೆ ಮೊದಲೇ ಕಾರು ನಿಂತಿತ್ತು."

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಯಜಮಾನನ ಹೆಂಡತಿ ನಿಂತಿದ್ದಳು, ಕೈಯಲ್ಲಿ ಪುಟ್ಟಿ. ಅವರ ಹಿಂದೆ ಮೇಷ್ಟ್ರು. ಆಕೆ ನೆಲ ನೋಡುತ್ತ ಮಾತು ಶುರುಮಾಡಿದವಳು, ಆಮೇಲೆ ತಲೆಯೆತ್ತಿ ಎಲ್ಲವನ್ನೂ ಹೇಳಿದಳು. ಯಾವ ಮಗು, ಯಾವ ಬೀದಿ, ಎಲ್ಲಿಂದ ಎಲ್ಲಿಗೆ ಕತ್ತರಿಸಿದ್ದು, ಯಾಕೆ ಕತ್ತರಿಸಿದ್ದು. ಮೇಷ್ಟ್ರು, "ನಿಜ, ನಾನು ಪಕ್ಕದಲ್ಲೇ ಇದ್ದೆ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರು.

"ನಿಮ್ಮ ಮಾತನ್ನಾದ್ರೂ ಹೇಗೆ ನಂಬೋದು?" ಎಂದಳು ಒಬ್ಬ ತಾಯಿ. "ಸುಳ್ಳು ಮಾಡಿದ್ದೇ ನೀವು ಅಂತೀರಿ."

"ನಂಬಬೇಡಿ" ಎಂದಳು ಪುಟ್ಟಿಯ ತಾಯಿ. "ನನ್ನ ಮಗಳನ್ನ ಈ ವರ್ಷ ಇದೇ ಶಾಲೆಗೆ ಸೇರಿಸ್ತಿದೀನಿ. ಸೋಮವಾರ ಅವಳು ಈ ಅಕ್ಕನ ವ್ಯಾನಲ್ಲೇ ಬರ್ತಾಳೆ. ನೀವು ನಿಂತು ನೋಡಿ."

ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಟೈ ಕಟ್ಟಿದವನು ಹೆಂಡತಿಯನ್ನು ಕರೆದುಕೊಂಡು ಎದ್ದುಹೋದ. ಇನ್ನು ಕೆಲವರು ನೋಡೋಣ ಎಂದರು. ವ್ಯಾನು ಅರ್ಧವಾದರೂ ತುಂಬುವಷ್ಟು ಜನ ಉಳಿದರು. ಹೆಡ್ ಮೇಡಂ, "ಅರ್ಧ ಇದ್ರೂ ವ್ಯಾನ್ ಹೊರಡುತ್ತೆ ಅಕ್ಕ" ಎಂದು ಕೀಲಿಯನ್ನು ಅವಳ ಮುಂದಿಟ್ಟರು. ಅಕ್ಕ ತಗೊಂಡಳು, ನಗಲಿಲ್ಲ. ಯಜಮಾನನ ಹೆಂಡತಿ ಆ ವಿಡಿಯೋವನ್ನು ಅಳಿಸಿದ್ದಳು, ಆದರೆ ಅಷ್ಟರಲ್ಲಿ ಅದು ಯಾರ್ಯಾರ ಫೋನಿಗೋ ಹೋಗಿ ಕೂತಿತ್ತು. ಭಾನುವಾರ ಬಸ್ಸಿನಲ್ಲಿ ಒಬ್ಬ ಅಪರಿಚಿತ ಅವಳನ್ನು ನೋಡಿ "ಬ್ರೇಕ್" ಎಂದು ಕೂಗಿದ. ಅವಳು ಅವನ ಏಳು ತಲೆಮಾರನ್ನೂ ಜಾಲಾಡಿ ಬೈದಳು.

ಸೋಮವಾರ ಬೆಳಿಗ್ಗೆ ವ್ಯಾನು ಯಜಮಾನನ ಮನೆ ಮುಂದೆ ನಿಂತಿತು. ಪುಟ್ಟಿ ಬ್ಯಾಗ್ ಹಾಕಿಕೊಂಡು ಅಮ್ಮನ ಕೈ ಹಿಡಿದು ಬಂದಳು. ಹಿಂದೆಯೇ ಯಜಮಾನ. ಹೊಸ ಶರ್ಟು, ಕೂಲಿಂಗ್ ಗ್ಲಾಸು, ಚಾಚಿದ ಕೈಯಲ್ಲಿ ಫೋನು. "ನಮಸ್ಕಾರ ಸ್ನೇಹಿತರೇ" ಎಂದು ಅವನು ಫೋನಿಗೆ ಹೇಳುತ್ತಿದ್ದ. "ಇವತ್ತು ನನ್ನ ಮಗಳು ಯಾರ ವ್ಯಾನಲ್ಲಿ ಸ್ಕೂಲಿಗೆ ಹೋಗ್ತಿದಾಳೆ ಗೊತ್ತಾ? ಇವರಿಗೆ ಡ್ರೈವಿಂಗ್ ಕಲಿಸಿದ್ದು ಯಾರು ಗೊತ್ತಾ?"

ಅಕ್ಕ ಎಂಜಿನ್ ಆಫ್ ಮಾಡಿದಳು. ಕಿಟಕಿ ಇಳಿಸಿದಳು.

"ಫೋನ್ ಜೇಬಿಗೆ ಹಾಕಿ" ಎಂದಳು.

"ಒಂದೇ ನಿಮಿಷ ಅಕ್ಕ, ಇದು ನಿಮಗೇ ಒಳ್ಳೇದು. ಜನಕ್ಕೆ ನಂಬಿಕೆ ಬರುತ್ತೆ."

"ಜೇಬಿಗೆ ಹಾಕಿ. ಒಳಗೆ ಕೂತಿರೋದು ಮಕ್ಕಳು."

ಯಜಮಾನ ಹೆಂಡತಿಯ ಕಡೆ ನೋಡಿದ. ಆಕೆ ಮಗಳ ಬ್ಯಾಗಿನ ಪಟ್ಟಿ ಸರಿಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ಒಳಗಿದ್ದ ಮಕ್ಕಳು ಒಂದೊಂದಾಗಿ ಕಿಟಕಿಗೆ ಮೂಗು ಒತ್ತಿ ಅವನನ್ನೇ ನೋಡತೊಡಗಿದವು. ಹಿಂದೆ ಬಂದು ನಿಂತ ಯಾವುದೋ ಕಾರು ಹಾರ್ನ್ ಮಾಡಿತು. ಅಕ್ಕ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಮಿಸುಕಲಿಲ್ಲ. ಅವನು ಫೋನನ್ನು ಜೇಬಿಗೆ ಹಾಕಿಕೊಳ್ಳುವವರೆಗೂ ಅವಳು ವ್ಯಾನಿನ ಬಾಗಿಲು ತೆಗೆಯಲಿಲ್ಲ.